ಮ್ಯಾನೇಜರರ ಅಧಿಕಾರ: ನ್ಯೂಕ್ಯಾಸಲ್‌ಗೆ ಹೊಸದಾಗಿ ಬಂದವರಿಗೆ

ಉದ್ಯೋಗಕ್ಕೆಂದು ಈಚೆಗೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ಗೆ ಬಂದಿರುವ ನೀವು, ಊರಿನ ಫುಟ್‌ಬಾಲ್ ತಂಡ ಸೋತ ಮರುದಿನ ಕಚೇರಿಯಲ್ಲಿ ಎಲ್ಲರೂ ಮ್ಯಾನೇಜರರನ್ನೇ ಏಕೆ ದೂಷಿಸುತ್ತಾರೆ, ಹಣ ಹೂಡಿದ ಮಾಲೀಕರಿಗಿಂತ ಅವರು ದೊಡ್ಡವರೇ ಎಂದು ಕೇಳಿದ್ದೀರಿ. ಆಯ್ಕೆ ಸಮಿತಿ ತಂಡವನ್ನು ಆರಿಸುವ, ನಾಯಕ ಅದನ್ನು ಆಡಿಸುವ ಕ್ರಿಕೆಟ್ ನೋಡಿ ಬೆಳೆದವರಿಗೆ ಈ ಗೊಂದಲ ಸಹಜ. ಇಂಗ್ಲೆಂಡಿನ ಹಳೆಯ ಫುಟ್‌ಬಾಲ್ ಪದ್ಧತಿಯಲ್ಲಿ ಇವೆರಡರ ಜೊತೆಗೆ ಆಟಗಾರರ ಖರೀದಿ, ಮಾರಾಟಗಳಲ್ಲಿಯೂ ಮ್ಯಾನೇಜರರ ಮಾತೇ ನಡೆಯುತ್ತಿತ್ತು. 1986ರಿಂದ 2013ರವರೆಗೆ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ನಡೆಸಿದ ಅಲೆಕ್ಸ್ ಫರ್ಗುಸನ್ ಅದರ ಪ್ರಸಿದ್ಧ ಉದಾಹರಣೆ. ಜನರ ಸಿಟ್ಟು ಇಂದಿಗೂ ಆ ಹಳೆಯ ಲೆಕ್ಕದಲ್ಲೇ ನಡೆಯುತ್ತದೆ, ಅಧಿಕಾರ ಮಾತ್ರ ಬೇರೆಡೆಗೆ ಸರಿದಿದೆ.

ಅದು ಹೇಗೆ ಸರಿಯಿತೆಂದು ತಿಳಿಯಲು ಈ ಊರಿನದೇ ಪ್ರಕರಣವಿದೆ. 2007ರಲ್ಲಿ ಕ್ಲಬ್ಬನ್ನು ಕೊಂಡ ಮೈಕ್ ಆಶ್ಲಿ, ಮರುವರ್ಷದ ಜನವರಿಯಲ್ಲಿ ಅಭಿಮಾನಿಗಳ ಆರಾಧ್ಯರಾಗಿದ್ದ ಕೆವಿನ್ ಕೀಗನ್ ಅವರನ್ನು ಮ್ಯಾನೇಜರರಾಗಿ ಕರೆತಂದರು. ಆ ತಿಂಗಳು ಮುಗಿಯುವುದರೊಳಗೆ ಫುಟ್‌ಬಾಲ್ ವ್ಯವಹಾರಗಳಿಗೆಂದು ಡೆನಿಸ್ ವೈಸ್ ಅವರನ್ನೂ ನಿರ್ದೇಶಕರನ್ನಾಗಿ ನೇಮಿಸಿದರು. ಆಗಸ್ಟ್ ಕೊನೆಗೆ ಇಗ್ನಾಸಿಯೊ ಗೊನ್ಸಾಲೆಸ್ ಎಂಬ ಉರುಗ್ವೆ ಆಟಗಾರನನ್ನು ಕೀಗನ್ ಅವರ ವಿರೋಧವಿದ್ದರೂ ಎರವಲಾಗಿ ತರಲಾಯಿತು. ಆತನ ಹೆಸರನ್ನೇ ಕೇಳದಿದ್ದ ಮ್ಯಾನೇಜರರಿಗೆ ಯೂಟ್ಯೂಬ್‌ನಲ್ಲಿ ಹುಡುಕಿ ನೋಡುವಂತೆ ಹೇಳಲಾಗಿತ್ತು! ಕೀಗನ್ ರಾಜೀನಾಮೆಯಿತ್ತರು. ಯಾವ ಆಟಗಾರನನ್ನು ತರಬೇಕೆಂಬುದರಲ್ಲಿ ಕೊನೆಯ ಮಾತು ಅವರದೇ ಆಗಿತ್ತೆಂದು ಒಪ್ಪಿ, ವಿವಾದವನ್ನು ವಿಚಾರಿಸಿದ ಮಧ್ಯಸ್ಥಿಕೆ ಮಂಡಳಿಯು 2009ರಲ್ಲಿ ಅವರಿಗೆ 20 ಲಕ್ಷ ಪೌಂಡ್ ಪರಿಹಾರ ಕೊಡಿಸಿತು. ಕೊನೆಯ ಮಾತು ಕೀಗನ್ ಅವರದೇ ಎಂದು ಕ್ಲಬ್ ಪತ್ರಿಕೆಗಳಿಗೆ ಹೇಳುತ್ತ ಬಂದು, ವಿಚಾರಣೆಯಲ್ಲಿ ಅದು ನಿಜವಲ್ಲವೆಂದು ವಾದಿಸಿದ್ದು ನನ್ನ ಮಟ್ಟಿಗೆ ಈ ಪ್ರಕರಣದ ಅತ್ಯಂತ ನಾಚಿಕೆಗೇಡಿನ ಭಾಗ.

ಈಗ ಅನೇಕ ಕ್ಲಬ್ಬುಗಳು ಮುಖ್ಯ ತರಬೇತುದಾರ ಎಂಬ ಹುದ್ದೆಯನ್ನಷ್ಟೇ ಕೊಟ್ಟು, ಖರೀದಿಯ ಹೊಣೆಯನ್ನು ಕ್ರೀಡಾ ನಿರ್ದೇಶಕರಿಗೆ ವಹಿಸುತ್ತವೆ. 2021ರ ಅಕ್ಟೋಬರಿನಲ್ಲಿ ಸೌದಿ ಹೂಡಿಕೆ ನಿಧಿಯ ನೇತೃತ್ವದ ಗುಂಪು ನ್ಯೂಕ್ಯಾಸಲ್ ಕ್ಲಬ್ಬನ್ನು ಕೊಂಡ ಮರುತಿಂಗಳು ನೇಮಕವಾದ ಎಡ್ಡಿ ಹೌ ಅವರ ಹುದ್ದೆಯ ಹೆಸರೂ ಮುಖ್ಯ ತರಬೇತುದಾರ ಎಂದೇ. ಆದರೂ ಹೆಸರಿನಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ. 2025ರ ಮಾರ್ಚ್‌ನಲ್ಲಿ ಲೀಗ್ ಕಪ್ ಗೆದ್ದು, 1955ರ ನಂತರ ಊರಿಗೆ ಮೊದಲ ದೊಡ್ಡ ದೇಶೀಯ ಪ್ರಶಸ್ತಿ ತಂದ ಮೇಲೆ ಅವರ ಮಾತಿನ ತೂಕ ಹೆಚ್ಚಿತು. ಅದೇ ಸೆಪ್ಟೆಂಬರಿನಲ್ಲಿ ತಂಡದ ಮುಖ್ಯ ಗೋಲುಗಾರ ಅಲೆಕ್ಸಾಂಡರ್ ಐಸಾಕ್ ಅವರನ್ನು 12.5 ಕೋಟಿ ಪೌಂಡಿಗೆ ಲಿವರ್‌ಪೂಲ್‌ಗೆ ಮಾರುವ ನಿರ್ಧಾರ ಮಾತ್ರ ಅವರ ಕೈಯಲ್ಲಿರಲಿಲ್ಲ.

ಮಾಲೀಕರನ್ನು ವಜಾ ಮಾಡುವವರು ಯಾರೂ ಇಲ್ಲವಾದ್ದರಿಂದ ಬೈಗುಳ ಮ್ಯಾನೇಜರರ ಪಾಲಿಗೆ ಬರುತ್ತದೆ. ಕಚೇರಿಯ ಚರ್ಚೆಗೆ ಸೇರುವಾಗ, ಈ ಆಟಗಾರನನ್ನು ಆರಿಸಿದವರು ಯಾರೆಂದು ಮೊದಲು ಕೇಳಿ. ಐಸಾಕ್ ವಿಷಯವನ್ನು ಮಾತ್ರ ಸ್ವಲ್ಪ ಪರಿಚಯವಾಗುವವರೆಗೆ ಎತ್ತಬೇಡಿ.