16ರ ಮಗ ಸಿಗರೇಟು ಹಚ್ಚಿದ್ದಾನೆ. ಕೆಟ್ಟ ಸಹವಾಸವೇ ಕಾರಣವೇ?

ಒಳ್ಳೆಯ ಮನೆ, ಒಳ್ಳೆಯ ಅಂಕ, ಆದರೂ ಪಿಯುಸಿ ಹುಡುಗನ ಬ್ಯಾಗಿನಲ್ಲಿ ಬೆಂಕಿಪೊಟ್ಟಣ ಸಿಕ್ಕಿದೆ ಅಂದಿದ್ದೀರಿ. ಸಹವಾಸ ಕಾರಣ ಹೌದು, ಆದರೆ ಅದು ಕೆಟ್ಟದ್ದೇ ಆಗಿರಬೇಕಿಲ್ಲ.

ಯಾರೂ ಬಲವಂತ ಮಾಡಿರುವುದಿಲ್ಲ. ಟೀ ಅಂಗಡಿ ಮುಂದೆ ನಾಲ್ವರು ನಿಂತಾಗ ಒಂದೇ ಸಿಗರೇಟು ಕೈಯಿಂದ ಕೈಗೆ ದಾಟುತ್ತದೆ. ತನ್ನ ಸರದಿ ಬಂದಾಗ 'ಬೇಡ' ಅಂದರೆ ಗೆಳೆಯರೇ ಬೇಡ ಅಂದಂತೆ ಆ ವಯಸ್ಸಿಗೆ ಅನಿಸುತ್ತದೆ. ಜೊತೆಗೆ 'ಎಲ್ರೂ ಸೇದ್ತಾರೆ' ಎಂಬ ತಪ್ಪು ಲೆಕ್ಕ ಬೇರೆ. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯಲ್ಲಿ ಭಾರತದ 13–15 ವಯಸ್ಸಿನ ವಿದ್ಯಾರ್ಥಿಗಳ ಪೈಕಿ ಯಾವುದೇ ಬಗೆಯ ತಂಬಾಕು ಬಳಸುತ್ತಿದ್ದವರು ಶೇ 8.5 ಮಾತ್ರ. ಸೇದದವರು ಯಾರ ಕಣ್ಣಿಗೂ ಬೀಳುವುದಿಲ್ಲ, ಅಷ್ಟೇ.

ಶುರುವಾಗುವುದು ಹೀಗೆ, ಅಂಟಿಕೊಳ್ಳುವುದು ಬೇರೆ ಕಾರಣಕ್ಕೆ. ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ, ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆ ಇಳಿತದ ಚಡಪಡಿಕೆಯನ್ನು ಮುಂದಿನ ಸಿಗರೇಟು ತಣಿಸಿದಾಗ, ಪರೀಕ್ಷೆಯ ಟೆನ್ಷನ್ ಇಳಿಯಿತು ಎಂದು ಹುಡುಗ ನಂಬುತ್ತಾನೆ. ಹದಿಹರೆಯದಲ್ಲಿ ದಿನವೂ ಸೇದದಿದ್ದರೂ ಚಟದ ಲಕ್ಷಣಗಳು ಕಾಣಿಸಿಕೊಳ್ಳಬಹುದು. 'ಯಾವಾಗ್ಲೋ ಒಂದು' ಅಂದರೆ ಸುಮ್ಮನೆ ಬಿಡಬೇಡಿ.

ಕ್ಯಾನ್ಸರ್ ಚಿತ್ರ ತೋರಿಸಿ ಪ್ರಯೋಜನ ಕಡಿಮೆ, 40 ವರ್ಷದಾಚೆಯ ರೋಗ ಈಗ ನಾಟುವುದಿಲ್ಲ. ಬಾಯಿವಾಸನೆ, ಆಟದಲ್ಲಿ ಏದುಸಿರು, ವಾರದ ಖರ್ಚು ನಾಟುತ್ತವೆ. ಗೆಳೆಯರ ಹೆಸರು ಕೇಳಬೇಡಿ, 'ಎಷ್ಟು ಹೊತ್ತಿಗೆ ಬೇಕು ಅನ್ಸುತ್ತೆ?' ಅಂತ ಕೇಳಿ. ಆ ಹೊತ್ತಿಗೆ ಬೇರೆ ಕೆಲಸ ಇರಬೇಕು. ಗುಂಪನ್ನೇ ಬಿಡು ಅಂದಿರೋ, ಸುಳ್ಳು ಶುರುವಾಗುತ್ತದೆ. ಕೈಯಲ್ಲಿ ಟೀ ಲೋಟ ಹಿಡಿದು 'ಬೇಡ ಮಗಾ, ಮ್ಯಾಚ್ ಇದೆ' ಅನ್ನುವಷ್ಟು ಚಿಕ್ಕ ಮಾತು ಸಾಕು, ಕಾರಣ ಉದ್ದವಾದಷ್ಟೂ ರೇಗಿಸುವವರಿಗೆ ಅನುಕೂಲ.

ದಿನವೂ ಸೇದುತ್ತಿದ್ದರೆ, ಬಿಟ್ಟ ಮೊದಲ 3 ದಿನ ಸಿಡಿಮಿಡಿ ಜೋರು. 2ರಿಂದ 4 ವಾರದಲ್ಲಿ ತಗ್ಗುತ್ತದೆ. ಹಾಗಾಗಿ ಪರೀಕ್ಷೆಯ ವಾರ ಆರಿಸಬೇಡಿ. ನಿಕೋಟಿನ್ ಗಮ್ ವೈದ್ಯರನ್ನು ಕೇಳದೆ ಕೊಡಬೇಡಿ. ಸರ್ಕಾರದ ಉಚಿತ ಸಹಾಯವಾಣಿ 1800-11-2356.

ಕರ್ನಾಟಕದಲ್ಲಿ 2025ರಿಂದ 21 ತುಂಬದವರಿಗೆ ಮಾರುವುದೂ, ಬಿಡಿಯಾಗಿ ಮಾರುವುದೂ ಅಪರಾಧ. ನನ್ನ ಮಟ್ಟಿಗೆ ಎರಡನೆಯದೇ ಮುಖ್ಯ: ಇಡೀ ಪ್ಯಾಕಿಗೆ ಹುಡುಗರ ಬಳಿ ದುಡ್ಡೂ ಇರುವುದಿಲ್ಲ, ಬಚ್ಚಿಡಲು ಜಾಗವೂ ಇರುವುದಿಲ್ಲ. ಹತ್ತಿರದ ಅಂಗಡಿಯವರ ಜೊತೆ ಒಮ್ಮೆ ಮಾತಾಡಿ. ಮನೆಯಲ್ಲಿ ಸೇದುವವರಿದ್ದರೆ, ತಂದುಕೊಡು ಅಂತ ಅವನನ್ನೇ ಆ ಅಂಗಡಿಗೆ ಕಳಿಸುವುದು ಇವತ್ತಿಗೆ ನಿಲ್ಲಲಿ.