ಕಿಕಾಫ್ ಸರಿಹೋಯಿತು, ಮುಂದೆ ಯಾವ ನಿಯಮ ಬದಲಾಗಬೇಕು?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್) ನಿಯಮಗಳದ್ದೇ. ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಲೀಗ್‌ನಲ್ಲಿ 32 ತಂಡಗಳಿವೆ. ಯಾವುದೇ ನಿಯಮ ಬದಲಾಗಬೇಕಾದರೆ ಕನಿಷ್ಠ 24 ತಂಡಗಳ ಮತ ಬೇಕು. ಪ್ರತಿ ವರ್ಷ ಮಾರ್ಚ್ ಹೊತ್ತಿಗೆ ಮಾಲೀಕರ ಸಭೆ ಸೇರುತ್ತದೆ. ಅಲ್ಲಿ ಹತ್ತಾರು ಪ್ರಸ್ತಾವಗಳು ಬರುತ್ತವೆ, ಕೆಲವು ಪಾಸಾಗುತ್ತವೆ, ಕೆಲವನ್ನು ತಂದವರೇ ಹಿಂದೆ ತೆಗೆದುಕೊಳ್ಳುತ್ತಾರೆ.

ಪ್ರಶ್ನೆ: ಸರ್, ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಮಗನ ಜೊತೆ ಕೂತು ಕೂತು ನನಗೂ ಈ ಆಟದ ಹುಚ್ಚು ಹಿಡಿದಿದೆ. ಆದರೆ ಈಗಿನ ಕಿಕಾಫ್ (ಆಟದ ಶುರುವಿನಲ್ಲಿ, ಅಂಕ ಬಂದ ಮೇಲೆ ಚೆಂಡನ್ನು ಎದುರಾಳಿಗೆ ಒದ್ದು ಕೊಡುವುದು) ನೋಡಿದರೆ ವಿಚಿತ್ರ ಅನ್ನಿಸುತ್ತದೆ. ಒದೆಯುವವನು ಎಲ್ಲೋ ಹಿಂದೆ ಒಬ್ಬನೇ, ಉಳಿದವರೆಲ್ಲ ಎದುರಾಳಿಗಳ ಮುಂದೆ ಸುಮ್ನೆ ನಿಂತಿರುತ್ತಾರೆ. ಹಳೆಯ ಪದ್ಧತಿಯಲ್ಲಿ ಏನು ತೊಂದರೆ ಇತ್ತು?

ಉತ್ತರ: ಎರಡು ತೊಂದರೆ ಇತ್ತು. ಮೊದಲನೆಯದು ಅಪಾಯ. ಒದೆಯುವ ತಂಡದ ಹತ್ತು ಮಂದಿ ಮೈದಾನದುದ್ದಕ್ಕೂ ಪೂರ್ತಿ ವೇಗದಲ್ಲಿ ಓಡಿಬಂದು, ಎದುರಿನಿಂದ ಬರುವವರಿಗೆ ಡಿಕ್ಕಿ ಹೊಡೆಯುತ್ತಿದ್ದರು. ತಲೆಗೆ ಪೆಟ್ಟು ಬೀಳುವುದರಲ್ಲಿ ಕಿಕಾಫ್‌ಗೆ ಕೆಟ್ಟ ಹೆಸರೇ ಇತ್ತು. ಅದನ್ನು ತಪ್ಪಿಸಲು ಲೀಗ್ ವರ್ಷಾನುಗಟ್ಟಲೆ ಮಾಡಿದ್ದೇನೆಂದರೆ, ಚೆಂಡು ಹಿಡಿದು ಓಡದೇ ಇರುವುದೇ ಲಾಭ ಎನ್ನುವಂತೆ ನಿಯಮ ತಿದ್ದುತ್ತಾ ಹೋಗಿದ್ದು. ಅಲ್ಲಿಂದ ಎರಡನೇ ತೊಂದರೆ ಶುರುವಾಯಿತು: ಕಿಕಾಫ್‌ನಲ್ಲಿ ಆಟವೇ ಉಳಿಯಲಿಲ್ಲ. 2024ರ ಫೆಬ್ರವರಿಯಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ (ಲೀಗ್‌ನ ಫೈನಲ್) 13 ಕಿಕಾಫ್‌ಗಳಾದವು. ಹಿಡಿದು ಓಡಿದ್ದು ಒಂದೂ ಇಲ್ಲ! ಅಷ್ಟು ದೊಡ್ಡ ಪಂದ್ಯದಲ್ಲಿ ಚೆಂಡು ಹದಿಮೂರು ಸಲ ಗಾಳಿಯಲ್ಲಿ ಹಾರಿ ಸತ್ತುಬಿತ್ತು.

ಈಗ ನೀವು ನೋಡುತ್ತಿರುವುದು 2024ರಲ್ಲಿ ಬಂದ ಪದ್ಧತಿ. ಒದೆಯುವವನು ತನ್ನ 35 ಯಾರ್ಡ್ ಗೆರೆಯಲ್ಲಿ, ಅಂದರೆ ತನ್ನ ಗೋಲ್ ಗೆರೆಯಿಂದ 35 ಯಾರ್ಡ್ ದೂರದಲ್ಲಿರುತ್ತಾನೆ. ಅವನ ಉಳಿದ ಹತ್ತು ಜನ ಎದುರಾಳಿಯ 40ರ ಗೆರೆಯಲ್ಲಿ. ಅವರಿಗೆ ಐದೇ ಯಾರ್ಡ್ ದೂರದಲ್ಲಿ, 35ರ ಗೆರೆ ಮತ್ತು ಅದರ ಹಿಂದೆ, ತಡೆಯುವವರ ಸಾಲು. ಚೆಂಡು ನೆಲಕ್ಕೆ ಬೀಳುವ ತನಕ ಅಥವಾ ಹಿಡಿಯುವವನ ಕೈಗೆ ತಾಕುವ ತನಕ ಈ ಎರಡೂ ಸಾಲಿನವರು ಅಲುಗಾಡುವಂತಿಲ್ಲ. ದೂರ ಕಡಿಮೆ, ಹಾಗಾಗಿ ವೇಗವೂ ಕಡಿಮೆ. ಗೋಲ್ ಗೆರೆಯಿಂದ 20 ಯಾರ್ಡ್‌ವರೆಗಿನ ಜಾಗದಲ್ಲಿ ಚೆಂಡು ಬಿದ್ದರೆ ಅದನ್ನು ಹಿಡಿದು ಆಡಲೇಬೇಕು. ನೇರವಾಗಿ ಎಂಡ್ ಝೋನ್‌ಗೇ (ಗೋಲ್ ಗೆರೆಯ ಹಿಂದಿನ ಜಾಗ) ಒದ್ದರೆ ಎದುರಾಳಿಗೆ ಆಟ ಶುರುಮಾಡಲು ಒಳ್ಳೆಯ ಜಾಗ ಸಿಗುತ್ತದೆ.

ಮೊದಲ ವರ್ಷ ಆ ಜಾಗ 30 ಯಾರ್ಡ್ ಗೆರೆ ಎಂದಿತ್ತು. ಅದು ಸಾಲಲಿಲ್ಲ. ಎಷ್ಟೋ ತಂಡಗಳು 'ಹೋಗಲಿ, 30 ಕೊಟ್ಟುಬಿಡೋಣ' ಎಂದು ಎಂಡ್ ಝೋನ್‌ಗೇ ಒದ್ದವು. ಹಿಡಿದು ಓಡುವ ಪ್ರಮಾಣ ಶೇಕಡಾ 22ರಿಂದ 33ರ ಆಸುಪಾಸಿಗೆ ಏರಿತು, ಅಷ್ಟೇ. 2025ರಲ್ಲಿ ಅದನ್ನು 35ಕ್ಕೆ ಏರಿಸಿದ ಮೇಲೆ ಓಟ ನಿಜವಾಗಿ ವಾಪಸ್ ಬಂತು.

ಬದಲಾವಣೆ ಹೀಗೆಯೇ ಆಗಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎಕ್ಸ್‌ಎಫ್‌ಎಲ್ ಎಂಬ ಸಣ್ಣ ಲೀಗ್ 2020ರಲ್ಲೇ ಈ ಮಾದರಿಯನ್ನು ಆಡಿ ತೋರಿಸಿತ್ತು. ಎನ್‌ಎಫ್‌ಎಲ್ ಅದನ್ನು ಗಮನಿಸಿತು, ಒಂದು ವರ್ಷದ ಮಟ್ಟಿಗೆ ಮಾತ್ರ ತಂದಿತು, ಲೆಕ್ಕ ನೋಡಿ ತಿದ್ದಿತು, ಆಮೇಲೆ ಕಾಯಂ ಮಾಡಿತು. ಇದಕ್ಕೆ ತದ್ವಿರುದ್ಧವಾದದ್ದು 2019ರ ಕಥೆ. ಆ ಜನವರಿಯಲ್ಲಿ ಸೇಂಟ್ಸ್ ಮತ್ತು ರ‍್ಯಾಮ್ಸ್ ನಡುವಿನ ಪಂದ್ಯದಲ್ಲಿ ಎಲ್ಲರ ಕಣ್ಣಿಗೂ ಕಂಡ ಪಾಸ್ ಅಡ್ಡಿಯ (ಎಸೆದ ಚೆಂಡು ಹಿಡಿಯಲು ಹೋದವನನ್ನು ಮೊದಲೇ ತಡೆಯುವ) ಫೌಲ್ ಒಂದನ್ನು ರೆಫರಿಗಳು ಕೊಡಲಿಲ್ಲ. ಸೇಂಟ್ಸ್ ಸೂಪರ್ ಬೌಲ್ ತಪ್ಪಿಸಿಕೊಂಡಿತು. ದೇಶವಿಡೀ ಗಲಾಟೆ. ಅದೇ ಸಿಟ್ಟಿನಲ್ಲಿ, ಇಂಥ ಫೌಲ್‌ಗಳನ್ನೂ ವಿಡಿಯೋದಲ್ಲಿ ಮರುಪರಿಶೀಲಿಸಬಹುದು ಎಂಬ ನಿಯಮ ಮಾಡಿದರು. ಯಾವಾಗ ತೀರ್ಪು ಬದಲಿಸಬೇಕು, ಯಾವಾಗ ಬಿಡಬೇಕು ಎನ್ನುವುದು ಯಾರಿಗೂ ಸ್ಪಷ್ಟವಿರಲಿಲ್ಲ. ಒಂದೇ ಸೀಸನ್, ಮುಂದಿನ ವರ್ಷ ಕೈಬಿಟ್ಟರು.

ಪ್ರಶ್ನೆ: ಫಿಲಡೆಲ್ಫಿಯಾ ಈಗಲ್ಸ್ ತಂಡದವರು ಕ್ವಾರ್ಟರ್‌ಬ್ಯಾಕ್‌ನನ್ನು (ದಾಳಿ ನಡೆಸುವ, ಚೆಂಡು ಎಸೆಯುವ ಆಟಗಾರ) ಹಿಂದಿನಿಂದ ತಳ್ಳಿ ಒಂದು ಯಾರ್ಡ್ ಗಿಟ್ಟಿಸುತ್ತಾರಲ್ಲ, ಆ 'ಟಷ್ ಪುಷ್'. ಅದು ಆಟವೇ ಅಲ್ಲ ಅನ್ನಿಸುತ್ತದೆ. ಯಾಕೆ ನಿಷೇಧಿಸಬಾರದು?

ಉತ್ತರ: ನಿಷೇಧಿಸಲು ಪ್ರಯತ್ನ ಆಗಿದೆ. ಗ್ರೀನ್ ಬೇ ಪ್ಯಾಕರ್ಸ್ ತಂದ ಪ್ರಸ್ತಾವಕ್ಕೆ 2025ರ ಮೇ ತಿಂಗಳಲ್ಲಿ 22 ತಂಡಗಳು ಹೌದೆಂದವು, 10 ಬೇಡವೆಂದವು. ಎರಡೇ ಮತ ಕಡಿಮೆ ಬಿತ್ತು.

ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ನಾನು ಆ ಹತ್ತರ ಕಡೆ. ಮೊದಲು ಓಡುವವನನ್ನು ಹಿಂದಿನಿಂದ ತಳ್ಳುವುದು ತಪ್ಪೇ ಆಗಿತ್ತು. ಗುಂಪಿನಲ್ಲಿ ಯಾರು ಯಾರನ್ನು ತಳ್ಳಿದರು ಎಂದು ಹೇಳುವುದು ಕಷ್ಟ ಎಂಬ ಕಾರಣಕ್ಕೆ ಸುಮಾರು ಇಪ್ಪತ್ತು ವರ್ಷದ ಹಿಂದೆ ಆ ನಿಯಮ ತೆಗೆದರು. ಆಮೇಲೆ ಎಲ್ಲ 32 ತಂಡಗಳಿಗೂ ದಾರಿ ತೆರೆದೇ ಇತ್ತು. ಅದನ್ನು ಅಸ್ತ್ರ ಮಾಡಿಕೊಂಡಿದ್ದು ಈಗಲ್ಸ್. ಅವರ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಕಾಲೇಜಿನಲ್ಲಿದ್ದಾಗಲೇ 600 ಪೌಂಡ್ ಹೊತ್ತು ಸ್ಕ್ವಾಟ್ ಮಾಡಿದವರು. ಮುಂದಿನ ಸಾಲಿನವರೂ ಅಷ್ಟೇ ಗಟ್ಟಿ. ಬೇರೆ ತಂಡಗಳು ಇದನ್ನೇ ಮಾಡಲು ಹೋಗಿ ಎಷ್ಟೋ ಸಲ ಮುಗ್ಗರಿಸಿವೆ. ಒಬ್ಬರು ಚೆನ್ನಾಗಿ ಮಾಡುತ್ತಾರೆ ಎಂಬ ಕಾರಣಕ್ಕೆ ನಿಷೇಧಿಸುವುದು ನ್ಯಾಯವಲ್ಲ. ಇದರಿಂದ ಗಾಯ ಹೆಚ್ಚುತ್ತದೆ ಎಂದು ಅಂಕಿಅಂಶದಿಂದ ತೋರಿಸಿದರೆ ಆಗ ಬೇರೆ ಮಾತು.

ಒಂದು ದೂರು ಮಾತ್ರ ಸರಿಯಾಗಿದೆ. ಚೆಂಡು ಕದಲುವ ಮೊದಲೇ ಈಗಲ್ಸ್ ಸಾಲಿನವರು ಮುಂದಕ್ಕೆ ಜಿಗಿಯುತ್ತಾರೆ ಎನ್ನುವುದು. ಅದಕ್ಕೆ ಹೊಸ ನಿಯಮ ಬೇಡ, ಇರುವ ಫೌಲ್ ಕೊಟ್ಟರೆ ಸಾಕು.

ಪ್ರಶ್ನೆ: ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಕ್ರಿಕೆಟ್‌ನ ಹಾಕ್-ಐ ಅಲ್ಲಿಗೂ ಬಂದಿದೆ ಎಂದು ಓದಿದೆ. ಆದರೂ ಚೆಂಡು ಎಲ್ಲಿ ನಿಂತಿತು ಎಂಬುದನ್ನು ರೆಫರಿ ಕಣ್ಣಳತೆಯಲ್ಲೇ ಗುರುತಿಸುತ್ತಾರಲ್ಲ?

ಉತ್ತರ: ಸರಿಯಾಗಿ ಗಮನಿಸಿದ್ದೀರಿ. 2025ರಿಂದ ಹಾಕ್-ಐ ಬಂದಿದೆ, ಆದರೆ ಅದು ಮಾಡುವುದು ಅರ್ಧ ಕೆಲಸ. ರೆಫರಿ ಚೆಂಡನ್ನು ಇಟ್ಟ ಮೇಲೆ, ತಂಡ ನಾಲ್ಕು ಯತ್ನಗಳಲ್ಲಿ ದಾಟಬೇಕಾದ ಹತ್ತು ಯಾರ್ಡ್ ಗುರಿಯನ್ನು ಅದು ಮುಟ್ಟಿತೋ ಇಲ್ಲವೋ ಎಂದು ಅಳೆಯುತ್ತದೆ. ಹಿಂದೆ ಕಂಬ-ಸರಪಳಿ ಹಿಡಿದು ಓಡಿಬಂದು ಮಾಡುತ್ತಿದ್ದ ಕೆಲಸ ಅದು. ಚೆಂಡನ್ನು ಎಲ್ಲಿ ಇಡಬೇಕು ಎನ್ನುವುದು ಇನ್ನೂ ಮನುಷ್ಯರ ಕೈಲೇ ಇದೆ. ಕ್ರಿಕೆಟ್‌ನಲ್ಲಿ ಚೆಂಡು ಕ್ಯಾಮೆರಾಗೆ ಕಾಣುತ್ತದೆ. ಇಲ್ಲಿ ಅದು ಹತ್ತು ದೇಹಗಳ ಕೆಳಗಿರುತ್ತದೆ. ಚೆಂಡಿನೊಳಗೆ ಚಿಪ್ ಇದೆ ನಿಜ. ಆದರೆ ಅದು ಇಂಚಿನ ಲೆಕ್ಕ ಹೇಳುವಷ್ಟು ನಿಖರವಲ್ಲ. ಆಟಗಾರನ ಮೊಣಕಾಲು ಯಾವ ಕ್ಷಣದಲ್ಲಿ ನೆಲ ಮುಟ್ಟಿತು ಎನ್ನುವುದಂತೂ ಅದಕ್ಕೆ ತಿಳಿಯುವುದೇ ಇಲ್ಲ. ಎರಡೂ ಒಟ್ಟಿಗೆ ಗೊತ್ತಾಗುವ ತನಕ ಈ ಜಗಳ ತಪ್ಪಿದ್ದಲ್ಲ.

ಪ್ರಶ್ನೆ: ನಿಮ್ಮ ಕೈಗೆ ಒಂದೇ ನಿಯಮ ಬದಲಿಸುವ ಅಧಿಕಾರ ಕೊಟ್ಟರೆ ಯಾವುದನ್ನು ಬದಲಿಸುತ್ತೀರಿ?

ಉತ್ತರ: ಯೋಚಿಸುವುದೇ ಬೇಡ. ಎಂಡ್ ಝೋನ್ ಫಂಬಲ್.

ಓಡುವವನ ಕೈಯಿಂದ ಚೆಂಡು ಜಾರಿ, ಮುಂದಕ್ಕೆ ಹೋಗಿ, ಒಂದು ಯಾರ್ಡ್ ಗೆರೆಯ ಬಳಿ ಬದಿಯಿಂದ ಹೊರಗೆ ಬಿದ್ದರೆ ಏನಾಗುತ್ತದೆ? ಚೆಂಡು ಅವನ ತಂಡಕ್ಕೇ ಉಳಿಯುತ್ತದೆ, ಜಾರಿದ ಜಾಗದಿಂದ ಆಟ ಮುಂದುವರಿಯುತ್ತದೆ. ಅದೇ ಚೆಂಡು ಇನ್ನೊಂದು ಮೊಳ ಮುಂದೆ ಉರುಳಿ ಎಂಡ್ ಝೋನ್‌ನ ಬದಿಯಿಂದ ಹೊರಗೆ ಹೋದರೆ? ಎದುರಾಳಿಗೆ ಚೆಂಡು, ಅದೂ 20 ಯಾರ್ಡ್ ಗೆರೆಯಿಂದ. ಆ ಚೆಂಡನ್ನು ಅವರು ಹಿಡಿದೂ ಇರುವುದಿಲ್ಲ.

2021ರ ಜನವರಿಯ ಪ್ಲೇಆಫ್ (ನಾಕೌಟ್ ಪಂದ್ಯ) ನೆನಪಿಸಿಕೊಳ್ಳಿ. ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ರಶಾರ್ಡ್ ಹಿಗ್ಗಿನ್ಸ್ ಚೆಂಡು ಹಿಡಿದು ಗೋಲ್ ಗೆರೆಯತ್ತ ಕೈಚಾಚಿ ಹಾರಿದರು. ಕ್ಯಾನ್ಸಸ್ ಸಿಟಿಯ ಡೇನಿಯಲ್ ಸೊರೆನ್ಸನ್ ಬಂದು ಗುದ್ದಿದರು, ಹೆಲ್ಮೆಟ್‌ಗೆ ಹೆಲ್ಮೆಟ್ ಬಡಿಯಿತು, ಅದಕ್ಕೆ ಫೌಲ್ ಕೊಡಲಿಲ್ಲ. ಚೆಂಡು ಜಾರಿ ಎಂಡ್ ಝೋನ್ ಬದಿಯಿಂದ ಹೊರಗೆ ಹೋಯಿತು. ಟಚ್‌ಡೌನ್ (ಚೆಂಡನ್ನು ಗೋಲ್ ಗೆರೆ ದಾಟಿಸಿ ಅಂಕ ಗಳಿಸುವುದು) ಆಗಬಹುದಿದ್ದ ಜಾಗದಲ್ಲಿ ಚೆಂಡೇ ಎದುರಾಳಿಯ ಪಾಲಾಯಿತು. ವಿರಾಮಕ್ಕೆ ಮುಂಚೆ ಅವರು ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದ್ದು ಗಳಿಸುವ ಅಂಕ) ಕೂಡ ಹೊಡೆದರು. ಬ್ರೌನ್ಸ್ ಸೋತಿದ್ದು 22-17ರಿಂದ, ಬರೀ ಐದು ಅಂಕದಲ್ಲಿ. ಕ್ಲೀವ್‌ಲ್ಯಾಂಡ್ ಜನ ಎಷ್ಟು ವರ್ಷ ಕಾದು ಅಲ್ಲಿಗೆ ಬಂದಿದ್ದರು ಎಂದು ಗೊತ್ತಿದ್ದವರಿಗೆ ಹೊಟ್ಟೆ ಉರಿಯುತ್ತದೆ.

ನಿಯಮದ ಪರ ಇರುವವರ ವಾದವೂ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಎಂಡ್ ಝೋನ್ ಎದುರಾಳಿ ಕಾಯುವ ಜಾಗ, ಅಲ್ಲಿಗೆ ಚೆಂಡು ಬಿಟ್ಟವರು ಬೆಲೆ ತೆರಲೇಬೇಕು, ಇಲ್ಲದಿದ್ದರೆ ಎಲ್ಲರೂ ಹಿಂದುಮುಂದು ನೋಡದೆ ಕೈಚಾಚುತ್ತಾರೆ ಎನ್ನುತ್ತಾರೆ. ಬೆಲೆ ಇರಲಿ, ಒಪ್ಪುತ್ತೇನೆ. ಆದರೆ ಕಷ್ಟಪಟ್ಟು ಅಲ್ಲಿಯವರೆಗೆ ತಂದ ಚೆಂಡನ್ನೇ ಕಿತ್ತುಕೊಳ್ಳುವಷ್ಟು ಬೆಲೆ ಜಾಸ್ತಿಯಾಯಿತು ಅಲ್ವಾ? ನಾನಾದರೆ ಹೀಗೆ ಬರೆಯುತ್ತೇನೆ: ಆಡುತ್ತಿದ್ದ ಡೌನ್ (ಆ ನಾಲ್ಕು ಯತ್ನಗಳಲ್ಲಿ ಒಂದು) ಹೋಯಿತು, ಚೆಂಡನ್ನು 20 ಯಾರ್ಡ್ ಗೆರೆಗೆ ಹಿಂದಕ್ಕೆ ತರಬೇಕು, ಆದರೆ ಅದು ಅದೇ ತಂಡದ ಬಳಿ ಉಳಿಯಬೇಕು. ನಾಲ್ಕನೇ ಡೌನ್‌ನಲ್ಲಿ ಹೀಗಾದರೆ ಮಾತ್ರ ಎದುರಾಳಿಗೆ. ಇದನ್ನು ಕಿಕಾಫ್‌ನಂತೆಯೇ ಮೊದಲು ಒಂದು ವರ್ಷದ ಮಟ್ಟಿಗೆ ತರಲಿ. ಆ ವರ್ಷ ಗೋಲ್ ಗೆರೆಯ ಬಳಿ ಎಷ್ಟು ಜನ ಕೈಚಾಚಿದರು, ಎಷ್ಟು ಚೆಂಡು ಜಾರಿದವು ಎಂದು ಎಣಿಸಲಿ. ಆಮೇಲೆ ಆ 32 ತಂಡಗಳು ಮತ ಹಾಕಲಿ.