ಒಂದರಿಂದ ಮೂರನೇ ತರಗತಿ ಒಂದೇ ಕೋಣೆಯಲ್ಲಿದ್ದರೆ ವಾರದ ಪಾಠ ಹೊಂದಿಸುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ ಮೇಡಂ. ಯಾದಗಿರಿ ಜಿಲ್ಲೆಯ ಹಳ್ಳಿ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಸೇರುತ್ತಿದ್ದೀರಿ. ಒಂದು, ಎರಡು, ಮೂರು ಮೂರೂ ತರಗತಿ ನಿಮ್ಮ ಪಾಲಿಗೇ ಬಂದಿವೆ. ಸೋಮವಾರದಿಂದ ಶನಿವಾರದವರೆಗೆ ಏನೇನು ಮಾಡಿಸಲಿ, ಪಾಠ ಟಿಪ್ಪಣಿ ಹೇಗೆ ಬರೆಯಲಿ ಅಂತ ಕೇಳಿದ್ದೀರಿ. ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನಲ್ಲಿ ನಲಿ-ಕಲಿ ಮಕ್ಕಳಿಗೆ ಕಲಿಸುತ್ತೇನೆ, ಅಂದರೆ ಒಂದರಿಂದ ಮೂರನೆಯವರನ್ನು ಒಟ್ಟಿಗೆ ಕೂರಿಸಿ ಚಟುವಟಿಕೆಯಿಂದ ಕಲಿಸುವ ಪದ್ಧತಿಯಲ್ಲಿ. ನಿಮ್ಮ ಊರಿಗೂ ನಮ್ಮ ಊರಿಗೂ ಜಾಸ್ತಿ ವ್ಯತ್ಯಾಸ ಇರಲಿಕ್ಕಿಲ್ಲ.

ವೇಳಾಪಟ್ಟಿ ಹಾಕಿಕೊಂಡು ಕೂಡಬೇಡಿ. ಮೂರು ತರಗತಿಗೆ ಮೂರು ಪಾಠ ಅಂತ ಹೊರಟರೆ ಬುಧವಾರದ ಹೊತ್ತಿಗೆ ಗಂಟಲು ಕಟ್ಟುತ್ತದೆ, ಅಷ್ಟೇ. ವಾರಕ್ಕೆ ಒಂದೇ ವಸ್ತು ಹಿಡಿಯಿರಿ. ಅದು ಮಕ್ಕಳು ಕೈಯಲ್ಲಿ ಹಿಡಿದು ತರುವಂಥದ್ದಾಗಿರಲಿ. ಮೂರೂ ತರಗತಿಯವರು ಅದರ ಮೇಲೆಯೇ ಕೆಲಸ ಮಾಡಲಿ, ಅವರವರ ಮಟ್ಟಕ್ಕೆ ತಕ್ಕಂತೆ.

ನಲಿ-ಕಲಿ ನಿಮಗೆ ಹೊಸದಾಗಿದ್ದರೆ ಎರಡು ಮಾತು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಇದು ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳೇ ಇದಕ್ಕೆ ಮಾದರಿ. 2009-10ರಲ್ಲಿ ರಾಜ್ಯದ ಉಳಿದ ಕಡೆಗೂ ಬಂತು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲು ಮಾಡಿ ಕಾರ್ಡಿನಲ್ಲಿ ಕೊಟ್ಟಿರುತ್ತಾರೆ. ಮಗು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮುಂದೆ ಹೋಗುತ್ತದೆ. ನಮ್ಮ ಭಾಗಕ್ಕೆ ಇದು ಬಹಳ ಬೇಕಾದದ್ದು. ದೀಪಾವಳಿ ಆದ ಮೇಲೆ ಎಷ್ಟೋ ಮನೆಯವರು ಪುಣೆ, ಮುಂಬೈ ಅಂತ ದುಡಿಯಲು ಹೋಗುತ್ತಾರೆ, ಮಕ್ಕಳನ್ನೂ ಕರೆದುಕೊಂಡು. ತಿಂಗಳುಗಟ್ಟಲೆ ಬಿಟ್ಟು ಬಂದ ಮಗುವಿಗೆ "ಅದೆಲ್ಲಾ ಆಗಿಹೋಯ್ತು" ಅಂದರೆ ಅದು ಮತ್ತೆ ಬರುತ್ತದಾ?

ಈಗ ತೊಗರಿ ಕಾಯಿ ಕಟ್ಟುವ ಕಾಲದ ಒಂದು ವಾರ ನಮ್ಮಲ್ಲಿ ಹೇಗೆ ನಡೆಯುತ್ತದೆ ಹೇಳುತ್ತೇನೆ.

ಸೋಮವಾರ ಹೊಸದೇನೂ ಕಲಿಸುವುದಿಲ್ಲ. ಭಾನುವಾರ ಊರಿಗೆ ಹೋದವರು ಅವತ್ತು ಬಂದಿರುವುದೇ ಇಲ್ಲ. ಬಂದವರು ಸುತ್ತ ಕೂತು ಮಾತಾಡುತ್ತಾರೆ. ಯಾರ ಹೊಲದಲ್ಲಿ ಏನಿದೆ, ಹಸಿ ತೊಗರಿ ಕಾಯಿ ಕುದಿಸಿ ತಿಂದವರು ಯಾರು. ತಾಂಡಾದ ಮಕ್ಕಳು ಮನೆಯಲ್ಲಿ ಆಡುವುದು ಲಂಬಾಣಿ. ಅವರು ಅದರಲ್ಲೇ ಹೇಳಲಿ, ತಡೆಯಬೇಡಿ. ಮೂರನೇ ತರಗತಿಯಲ್ಲಿ ಎರಡೂ ಭಾಷೆ ಬಲ್ಲ ಒಬ್ಬಳು ಇದ್ದೇ ಇರುತ್ತಾಳೆ, ಉಳಿದವರಿಗೆ ಅವಳೇ ಕನ್ನಡದಲ್ಲಿ ಹೇಳುತ್ತಾಳೆ. ಮಾತೇ ಆಡದ ಮಗು ಅಕ್ಷರ ಬರೆಯುವುದು ಸುಮ್ನೆ ಗೀಚಿದಂತೆ ಅಂತ ನನ್ನ ಅಭಿಪ್ರಾಯ.

ಬಿಸಿಯೂಟದ ಲೆಕ್ಕವನ್ನೂ ಮಕ್ಕಳ ಕೈಗೇ ಕೊಡಿ. ಬಿಸಿಯೂಟ ಕೊಡುವ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲು ಬಂದದ್ದೇ ನಮ್ಮ ಈ ಜಿಲ್ಲೆಗಳಿಗೆ. ಶಾಲೆಯಲ್ಲಿ ದಿನಾ ನಡೆಯುವ ನಿಜವಾದ ಲೆಕ್ಕ ಅದೊಂದೇ, ಅದನ್ನು ದೊಡ್ಡವರೇ ಮಾಡಿ ಮುಗಿಸುತ್ತೇವೆ. ಮೊಟ್ಟೆ ಕೊಡುವ ದಿನ ಯಾರಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು ಅಂತ ಇಬ್ಬರು ಮಕ್ಕಳು ಕೇಳಿಕೊಂಡು ಗೆರೆ ಎಳೆಯಲಿ. ಎರಡನ್ನೂ ಕೂಡಿಸಿದರೆ ಹಾಜರಿ ಬರಬೇಕು. ಬರದಿದ್ದರೆ ಮತ್ತೆ ಕೇಳಿಕೊಂಡು ಬರಲಿ. ಅಡುಗೆಯವರಿಗೆ ಹೋಗಿ ಹೇಳುವುದೂ ಅವರೇ.

ಮಂಗಳವಾರ ಕಾಯಿ ಬರುತ್ತವೆ. ಜೇಬಲ್ಲಿ, ಟಿಫಿನ್ ಡಬ್ಬಿಯಲ್ಲಿ, ಒಬ್ಬೊಬ್ಬರು ಗಿಡಾನೇ ಕಿತ್ತುಕೊಂಡು ಬರುತ್ತಾರೆ. ನಿಮ್ಮ ಶಾಲೆಯ ನೆಲವೂ ಶಹಾಬಾದ್ ಕಲ್ಲಿನದಾಗಿದ್ದರೆ ಅದಕ್ಕಿಂತ ದೊಡ್ಡ ಪಾಟಿ (ಸ್ಲೇಟು) ಬೇಡ. ಒಬ್ಬರಿಗೆ ಒಂದು ಕಲ್ಲು. ಬರೆದು, ಒರೆಸಿ, ಮತ್ತೆ ಬರೆಯಬಹುದು. ನಡುವಿನ ಕಲ್ಲುಗಳ ಮೇಲೆ ನಾನು 2, 3, 4, 5, 6 ಅಂತ ಬರೆದು ಮನೆ ಮಾಡುತ್ತೇನೆ. ಮೊದಲು ಕಾಯಿ ಸುಲಿಯುವ ಮುಂಚೆ ಒಳಗೆ ಎಷ್ಟು ಕಾಳು ಅಂತ ಹೇಳಬೇಕು. ಆಮೇಲೆ ಸುಲಿದು, ಎಣಿಸಿ, ಸಿಪ್ಪೆಯನ್ನು ಆ ಮನೆಯಲ್ಲಿ ಒಂದರ ಕೆಳಗೊಂದು ಇಡಬೇಕು. ನೋಡನೋಡುತ್ತಾ ನಾಲ್ಕರ ಸಾಲು ಉದ್ದ ಆಗುತ್ತದೆ. "ಮೇಡಂರೀ, ನಂದರಾಗ ಐದ ಅವ್ರಿ!" ಅಂತ ಒಬ್ಬ ಕೂಗಿದರೆ ಎಲ್ಲರೂ ಅವನ ಕಡೆ ಓಡುತ್ತಾರೆ.

ಅಷ್ಟರಲ್ಲಿ ಒಂದರಲ್ಲಿ ಹುಳ ಸಿಗುತ್ತದೆ. ತೊಗರಿಗೆ ಕಾಯಿಕೊರಕ ತಪ್ಪಿದ್ದಲ್ಲವಲ್ಲ. "ಹುಳಾ ತಿಂದ ಕಾಳ ಎಣಸಬೇಕೇನ್ರಿ?" ಇದು ಒಂದನೇ ತರಗತಿ ಹುಡುಗಿ ಕೇಳಿದ ಪ್ರಶ್ನೆ. ನಾನು ಉತ್ತರ ಹೇಳಲಿಲ್ಲ. ಅರ್ಧ ಮಕ್ಕಳು ಎಣಿಸಬೇಕು ಅಂದರು, ಅರ್ಧ ಮಕ್ಕಳು ಬೇಡ ಅಂದರು. ಕೊನೆಗೆ ಆ ಕಾಯಿಗಳಿಗೆ ಬೇರೆಯೇ ಒಂದು ಮನೆ ಗೀಚಿ ಪಕ್ಕಕ್ಕೆ ಹುಳದ ಚಿತ್ರ ಬರೆದರು. ಅಪ್ಪ ಬೆಳೆಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವುದು ಯಾಕೆ, ಆಗ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವುದು ಯಾಕೆ, ಹಕ್ಕಿ ಬಂದು ಹುಳ ತಿನ್ನುವುದು, ಎಲ್ಲಾ ಅದರ ಬೆನ್ನಿಗೇ ಬಂತು. ಪರಿಸರ ಅಧ್ಯಯನಕ್ಕೆ ಬೇರೆ ಅವಧಿ ಬೇಕಾಗಲಿಲ್ಲ.

ಅದೇ ಕಾಳು ಬುಧವಾರ, ಗುರುವಾರಕ್ಕೂ ಆಗುತ್ತದೆ. ಚಿಕ್ಕವರು ಎಣಿಸಿ ಅಂಕಿಯ ಪಕ್ಕ ಇಡುತ್ತಾರೆ. ಎರಡನೆಯವರು ಹತ್ತು ಹತ್ತು ಕಾಳನ್ನು ಖಾಲಿ ಕಡ್ಡಿಪೆಟ್ಟಿಗೆಗೆ ತುಂಬುತ್ತಾರೆ. ಮೂರು ಪೆಟ್ಟಿಗೆ, ಹೊರಗೆ ಏಳು, ಅಂದರೆ 37. ಹತ್ತು, ಬಿಡಿ ಅಂತ ಬೋರ್ಡಿನ ಮೇಲೆ ಎಷ್ಟು ಹೇಳಿದರೂ ಆಗದ್ದು ಇಲ್ಲಿ ಆಗುತ್ತದೆ. ಮೂರನೆಯವರಿಗೆ ನಾಲ್ಕು ಕಾಳಿನ ಎಂಟು ಕಾಯಿ ಕೊಟ್ಟರೆ ಮಗ್ಗಿ ತಾನಾಗಿ ಬಂತು.

ಅಕ್ಷರಕ್ಕೂ ಹಾಗೇ. ನಲಿ-ಕಲಿಯಲ್ಲಿ ಅ, ಆ, ಇ ಅಂತ ಸಾಲಾಗಿ ಹೋಗುವುದಿಲ್ಲ, ನಿಮಗೆ ಗೊತ್ತಿರಬಹುದು. ರ, ಗ, ಸ, ದ, ಅ ಇಂಥವು ಮೊದಲು ಬರುತ್ತವೆ. ಬರೆಯಲೂ ಸುಲಭ, ಅಷ್ಟರಲ್ಲೇ ಸರ, ಅರಸ, ಅಗಸ ಅಂತ ಓದಲೂ ಬರುತ್ತದೆ. ನೆಲದ ಮೇಲೆ ದೊಡ್ಡದಾಗಿ "ತೊಗರಿ" ಬರೆದು, ಚಿಕ್ಕವರಿಗೆ ಅದರಲ್ಲಿ "ಗ" ಹುಡುಕಿ ಕಾಳಿನಿಂದ ತುಂಬಿಸಲು ಹೇಳಿ. ಎರಡನೆಯವರು ತಾವು ತಂದದ್ದರ ಹೆಸರು ಬರೆಯಲಿ. ಮೂರನೆಯವರು ಹುಳದ ಬಗ್ಗೆ ನಾಲ್ಕು ಸಾಲು ಬರೆಯಲಿ. ತಪ್ಪಿದ್ದರೂ ಅವತ್ತೇ ಕೆಂಪು ಪೆನ್ನು ತೆಗೆಯಬೇಡಿ.

ಇಷ್ಟೆಲ್ಲಾ ನಡೆಯುವಾಗ ನೀವು ಯಾವಾಗಲೂ ಒಂದೇ ಗುಂಪಿನ ಜೊತೆ ಕೂತಿರಬೇಕು. ನಲಿ-ಕಲಿಯಲ್ಲಿ ಐದು ತಟ್ಟೆ, ಅಂದರೆ ಮಕ್ಕಳು ಕೂರುವ ಐದು ಗುಂಪು, ಇರುವುದು ಅದಕ್ಕೇ. ಮೊದಲನೆಯದಕ್ಕೆ ಶಿಕ್ಷಕರು ಪೂರ್ತಿ ಬೇಕು, ಕೊನೆಯದರಲ್ಲಿ ಮಗು ತಾನೇ ಮಾಡಿಕೊಳ್ಳುತ್ತದೆ. ಎಲ್ಲ ತಟ್ಟೆಗೂ ಓಡಾಡಿದರೆ ಯಾರಿಗೂ ಸಿಕ್ಕಂತಾಗುವುದಿಲ್ಲ.

ಶುಕ್ರವಾರ ಒಬ್ಬೊಬ್ಬರನ್ನೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ. ಎಲ್ಲರೂ ಒಟ್ಟಿಗೆ ಕೂಗಿ ಓದುವಾಗ ಓದು ಬಾರದ ಮಗು ಸಲೀಸಾಗಿ ಬಚ್ಚಿಟ್ಟುಕೊಳ್ಳುತ್ತದೆ. ಮೂರನೇ ತರಗತಿ ಮುಗಿಯುವಷ್ಟರಲ್ಲಿ ಅರ್ಥ ಮಾಡಿಕೊಂಡು ಓದಬೇಕು, ಸಾದಾ ಲೆಕ್ಕ ಬರಬೇಕು ಅಂತ 2021ರಲ್ಲಿ ಬಂದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಹೇಳುತ್ತದೆ. ಗುರಿ ಸರಿಯಾಗಿಯೇ ಇದೆ. ಅದು ಆಗುತ್ತಿದೆಯೋ ಇಲ್ಲವೋ ಗೊತ್ತಾಗುವುದು ಹೀಗೆ ಪಕ್ಕದಲ್ಲಿ ಕೂತಾಗ ಮಾತ್ರ. ಮಗು ಎಲ್ಲಿಯವರೆಗೆ ಕಲಿತಿದೆ ಅಂತ ಗುರುತು ಹಾಕುವ ಪ್ರಗತಿ ನೋಟವನ್ನೂ ಅವತ್ತೇ ತುಂಬಿ. ತಿಂಗಳ ಕೊನೆಗೆ ನೆನಪಿಸಿಕೊಂಡು ತುಂಬುವ ಚಾಳಿ ಬಹಳ ಜನಕ್ಕಿದೆ, ಆಗ ಎಲ್ಲ ಮಕ್ಕಳೂ ಜಾಣರೇ ಆಗಿಬಿಡುತ್ತಾರೆ. ಶನಿವಾರ ಬೆಳಗಿನ ಶಾಲೆ. ಹಾಡು, ಆಟ, ಕಥೆ, ಅಷ್ಟೇ ಸಾಕು.

ಪಾಠ ಟಿಪ್ಪಣಿಗೆ ತಲೆ ಕೆಡಿಸಿಕೊಳ್ಳಬೇಡಿ. ವಾರದ ವಸ್ತು, ಯಾವ ಗುಂಪು ಯಾವ ಮೈಲಿಗಲ್ಲಿನಲ್ಲಿ (ಕಲಿಕೆಯ ಹಂತದಲ್ಲಿ) ಇದೆ, ಯಾರಿಗೆ ನೀವೇ ಕೂತು ಹೇಳಿಕೊಡಬೇಕು, ಇಷ್ಟು ಬರೆದಿಡಿ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು ಕೇಳಿದರೆ ಅದನ್ನೇ ತೋರಿಸಿ, ಜೊತೆಗೆ ಒಂದು ಮಗುವನ್ನು ಕರೆದು ಓದಿಸಿ. ಇನ್ನು ವಸ್ತು ತೊಗರಿಯೇ ಆಗಬೇಕಂತಿಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿಗೆ ಅಂಟಿದ ಬೆಳೆ ಅನ್ನುವ ಗುರುತು) ಸಿಕ್ಕಿದೆ, ನಮಗೆ ಅದರ ಮೇಲೆ ಪ್ರೀತಿ ಜಾಸ್ತಿ, ಅದಕ್ಕೆ ಹೇಳಿದೆ. ನಿಮ್ಮ ಶಾಲೆ ಸುರಪುರ, ಶಹಾಪುರದ ಕಾಲುವೆ ಸೀಮೆಯಲ್ಲಿದ್ದರೆ ಭತ್ತ, ಹತ್ತಿ ಹಿಡಿಯಿರಿ.

ಎಳ್ಳ ಅಮವಾಸ್ಯೆಯ ವಾರಕ್ಕೆ ಮಾತ್ರ ದೊಡ್ಡ ಯೋಜನೆ ಹಾಕಬೇಡಿ. ಚರಗ ಚೆಲ್ಲಲು, ಅಂದರೆ ಹೊಲಕ್ಕೆ ಪೂಜೆ ಮಾಡಿ ಎಡೆ ಚೆಲ್ಲಲು, ಊರಿಗೆ ಊರೇ ಹೊಲಕ್ಕೆ ಹೋಗಿರುತ್ತದೆ, ಮರುದಿನವೂ ಹಾಜರಿ ಕಮ್ಮಿ. ಮಕ್ಕಳ ಮನೆಯವರು ನಿಮ್ಮನ್ನೂ ಕರೆಯುತ್ತಾರೆ. ಹೋಗಿ ಬನ್ನಿ, ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಉಂಡು ಬನ್ನಿ. ಮುಂದಿನ ವಾರ ಯಾವ ವಸ್ತು ಹಿಡಿಯಬೇಕು ಅನ್ನುವುದು ಅಲ್ಲೇ ಹೊಲದಲ್ಲಿ ಸಿಗುತ್ತದೆ.